ಬಲಭುಜದ ನಂದಿಬಟ್ಟಲು

ದೇವರ ಮುಂದೆ ನಡೆದದ್ದನ್ನು ಹೊರಗೆ ಹೇಳುವುದು ಸರಿಯೋ ತಪ್ಪೋ ತಿಳಿಯದು. ಸರಿಯಾಗಿ ಹೇಳುವಷ್ಟು ತಿಳಿವಳಿಕೆ ಇದೆಯೆಂಬ ಧೈರ್ಯವೂ ಇಲ್ಲ. ಆದರೂ ಹೇಳಹೊರಟದ್ದಕ್ಕೆ, ಎಲ್ಲಾದರೂ ಮಾತು ಹೆಚ್ಚುಕಮ್ಮಿಯಾದರೆ ಅದಕ್ಕೂ ಸೇರಿಸಿ, ಓದುವವರು ಮನ್ನಿಸಬೇಕು.

ತೊಂಬತ್ತನಾಲ್ಕರ ಸೆಪ್ಟೆಂಬರ್. ಸೂರತ್ತಿನಲ್ಲಿ ಪ್ಲೇಗು ಎಂಬ ಸುದ್ದಿ ಹಬ್ಬಿ, ಕಂಡಕಂಡವರೆಲ್ಲ ಗಂಟುಮೂಟೆ ಕಟ್ಟುತ್ತಿದ್ದರು. ಗಿರಿಜಾಳ ಮನೆಯಿದ್ದ ಕತಾರ್‌ಗಾಮ್ ಬಡಾವಣೆಯ ವಜ್ರದ ಕಾರ್ಖಾನೆಗಳ ಸದ್ದು ನಿಂತುಹೋಗಿತ್ತು. ಗಿರಿಜಾಳ ಗಂಡ ರಾಘವೇಂದ್ರ ವಿಮಾ ಕಚೇರಿಯ ತರಬೇತಿಗೆಂದು ಅಹಮದಾಬಾದಿಗೆ ಹೋಗಿದ್ದ. ಎಷ್ಟು ತಿರುಗಿಸಿದರೂ ಫೋನು ಸಿಗುತ್ತಿರಲಿಲ್ಲ. ಮನೆಯಲ್ಲಿ ಅವಳು, ಅತ್ತೆ ನಾಗವೇಣಮ್ಮ ಮತ್ತು ಏಳು ವರ್ಷದ ಮಗಳು ಪೂರ್ವಿ. ಪೂರ್ವಿಗೆ ಹಿಂದಿನ ಸಂಜೆಯಿಂದ ಜ್ವರ, ಕೆಮ್ಮು.

ಕೆಳಗಿನ ಮನೆಯ ನಳಿನಿಬೆನ್ ವಡೋದರಾಕ್ಕೆ ಜೀಪು ಗೊತ್ತುಮಾಡಿದ್ದಳು. ನೀವೂ ಬನ್ನಿ, ಜಾಗ ಇದೆ ಎಂದಿದ್ದಳು. ಅಲ್ಲಿ ಗೋರ್ವಾದಲ್ಲಿ ಗಿರಿಜಾಳ ಅಣ್ಣ ಹಯವದನನ ಮನೆಯಿತ್ತು. ಆದರೆ ಜೀಪಿನಲ್ಲಿ ನಳಿನಿಬೆನ್‌ಳ ಮೊಮ್ಮಗನೂ ಬರುವವನಿದ್ದ, ಇನ್ನೂ ಹಲ್ಲು ಬಾರದ ಕೂಸು.

"ಮಗೂಗೆ ಜ್ವರ ಅಂತ ಬಾಯಿ ಬಿಟ್ಟೀಯ," ಎಂದರು ನಾಗವೇಣಮ್ಮ, ಪಾರಿಜಾತದ ಎಲೆ ಕುದಿಸಿದ ಕಷಾಯ ಸೋಸುತ್ತ. "ಆಮೇಲೆ ಹತ್ತಿಸ್ಕೊಳ್ಳಲ್ಲ."

"ಆ ಕೂಸಿಗೆ ಅಂಟಿದ್ರೆ ಅತ್ತೆ? ಆಸ್ಪತ್ರೆಗೆ ಹೋಗೋಣ."

"ಹೋದೋರನ್ನ ಒಳಗೆ ಕೂಡಿ ಬಾಗ್ಲು ಹಾಕ್ತಾರಂತೆ. ತಾಯೀನೂ ಬಿಡಲ್ವಂತೆ. ಇರೋದೊಂದು ಮಗು ಕಣೇ."

ಪೂರ್ವಿ ಲೋಟ ತಳ್ಳಿದಳು. "ಬಹು ಕಡ್ವು ಛೇ, ಅಜ್ಜಿ! ಕಹಿ!"

"ಕುಡಿ ಕುಡಿ. ನಿನ್ನ ಗುಜರಾತಿ ಜ್ವರಕ್ಕೂ ಕನ್ನಡದ ಕಷಾಯಾನೇ ಆಗ್ಬೇಕು."

ನಗುವ ಹೊತ್ತಾಗಿರಲಿಲ್ಲ, ಆದರೂ ಮಗು ನಕ್ಕಿತು. ನಗು ಕೆಮ್ಮಾಯಿತು. ಗಿರಿಜಾ ಓಡಿಹೋಗಿ ಬಾಗಿಲು ಮುಚ್ಚಿದಳು.

"ನಾವಿಬ್ಬರೂ ಕಿತ್ತಾಡೋದು ಬೇಡ," ಎಂದರು ಅತ್ತೆ. "ಹೂ ಕೇಳೋಣ. ಬಲಕ್ಕೆ ಬಿದ್ರೆ ಜೀಪು. ಎಡಕ್ಕೆ ಬಿದ್ರೆ ನಿನ್ನ ಆಸ್ಪತ್ರೆ."

ಮದುವೆಗೆ, ವರ್ಗಕ್ಕೆ, ಮನೆ ಹಿಡಿಯುವುದಕ್ಕೆ ಎಲ್ಲಕ್ಕೂ ಆ ಮನೆಯಲ್ಲಿ ಕೇಳಿದ್ದು ಹೂವನ್ನೇ. ಗೇಣುದ್ದದ ಹಿತ್ತಾಳೆಯ ವೆಂಕಟರಮಣನ ಎರಡು ಭುಜಕ್ಕೂ ಗಂಧ ಹಚ್ಚಿ ಒಂದೊಂದು ಹೂ ಅಂಟಿಸಬೇಕು; ಕೈಮುಗಿದು ಕಾಯಬೇಕು. ಹೂವಿಗೂ ಲೆಕ್ಕಾಚಾರವಿತ್ತು. ಪಾರಿಜಾತ ನೆಲಕ್ಕೆ ಬಿದ್ದರೂ ದೇವರಿಗೆ ಸಲ್ಲುತ್ತದೆ, ಆದರೆ ತಾನೇ ಉದುರುವ ಜಾತಿ, ಅದರ ಮಾತು ನಂಬುವಂತಿಲ್ಲ. ದಾಸವಾಳಕ್ಕೆ ಭಾರ ಹೆಚ್ಚು. ನಂದಿಬಟ್ಟಲು ಮಾತ್ರ ಗಂಧ ಕಚ್ಚಿ ಕೂರುತ್ತದೆ. ಅದು ಬಿದ್ದರೆ ದೇವರೇ ಬಿಟ್ಟ ಹಾಗೆ. ಹಾಗಂತ ಹೇಳಿಕೊಟ್ಟವರು ಅತ್ತೆಯೇ. ಅವರ ಕಣ್ಣಿಗೆ ಪೊರೆ ಬಂದಮೇಲೆ ಹೂ ಏರಿಸುವ ಕೆಲಸ ಗಿರಿಜಾಳದು.

ಬಾಲ್ಕನಿಯ ಕುಂಡದಿಂದ ಎರಡು ನಂದಿಬಟ್ಟಲು ಕಿತ್ತು ತಂದಳು. ಎಡಭುಜಕ್ಕೆ ಗಂಧ ಮೆತ್ತಿ ಹೂ ಒತ್ತಿದಳು. ಬಲಕ್ಕೆ ಹಚ್ಚುವಾಗ ಹಿಂದಿನಿಂದ ಪೂರ್ವಿ "ಮಮ್ಮಿ" ಎಂದಳು. ಆಸ್ಪತ್ರೆಯ ಬಾಗಿಲು ಹಾಕಿದ ಕೋಣೆಯೊಳಗಿಂದ ಅದೇ ದನಿ ಕೇಳಿದಂತಾಯಿತು ಗಿರಿಜಾಳಿಗೆ. ಬೆರಳ ತುದಿಯ ಗಂಧವನ್ನು ತಟ್ಟೆಯ ಅಂಚಿಗೆ ಒರೆಸಿ, ಉಳಿದ ಪಸೆಯನ್ನಷ್ಟೇ ಬಲಭುಜಕ್ಕೆ ಸವರಿದಳು. ಅತ್ತೆ ಕಣ್ಣು ಮುಚ್ಚಿದ್ದರು.

ಕೆಳಗೆ ಜೀಪು ಹಾರ್ನ್ ಹೊಡೆಯಿತು. ನಳಿನಿಬೆನ್‌ಳ ಕೂಗು ಮೆಟ್ಟಿಲೇರಿ ಬಂತು.

"ಗಿರಿಜಾಬೆನ್, ಚಾಲೋ! ನಿಮ್ಮ ಮದ್ರಾಸಿ ದೇವರು ಇನ್ನೂ ಯೋಚ್ನೆ ಮಾಡ್ತಿದಾನಾ? ನಮ್ಮ ರಣಛೋಡ್ ಆಗಿದ್ರೆ ಅವನೇ ಮೊದಲು ಜೀಪು ಹತ್ತಿರ್ತಿದ್ದ. ಯುದ್ಧ ಬಿಟ್ಟು ಓಡಿಬಂದವನಪ್ಪ ಅವನು!"

ಹೂ ಅಲುಗಲಿಲ್ಲ. ಮತ್ತೆ ಹಾರ್ನ್. ಬಲಗಡೆಯ ನಂದಿಬಟ್ಟಲು ಮೆಲ್ಲಗೆ ತಲೆ ವಾಲಿಸಿ, ಜಾರಿ, ತಟ್ಟೆಗೆ ಬಿತ್ತು.

"ಬಲಕ್ಕೆ ತಾನೇ? ನೋಡಿದ್ಯಾ, ಕೊಟ್ಟುಬಿಟ್ಟ!" ನಾಗವೇಣಮ್ಮನ ಕಣ್ಣಲ್ಲಿ ನೀರು. ಆ ಹೂವನ್ನೆತ್ತಿ ಸೊಸೆಯ ಮುಡಿಗೆ ತಾವೇ ಸಿಕ್ಕಿಸಿದರು.

ಮಗುವಿಗೆ ಶಾಲು ಹೊದಿಸಿ ಕೆಳಗಿಳಿಸಿದರು. ಜೀಪಿನಲ್ಲಿ ನಳಿನಿಬೆನ್ ಒತ್ತರಿಸಿ ಕೂತು ಜಾಗ ಬಿಟ್ಟಳು. "ಇಲ್ಲಿ ಕೂರಿಸು ಹುಡುಗೀನ, ನನ್ನ ರಾಜನ ಪಕ್ಕ." ಕೂಸು ಕೈಚಾಚಿ ಪೂರ್ವಿಯ ಶಾಲಿನ ಅಂಚು ಹಿಡಿದು ಬಾಯಿಗೆ ತುಂಬಿಕೊಳ್ಳಹೋಯಿತು.

ದೇವರು ಹೇಳಿದ್ದಾಗಿದ್ದರೆ ಗಿರಿಜಾ ಕಣ್ಣುಮುಚ್ಚಿ ಹತ್ತುತ್ತಿದ್ದಳೋ ಏನೋ. ಕೂಸಿಗೆ ಏನಾದರೂ ಆದರೆ ತಪ್ಪನ್ನು ದೇವರ ಮೇಲೆ ಹಾಕಬಹುದಿತ್ತು. ಈಗ ಹಾಕಲು ಯಾರೂ ಇರಲಿಲ್ಲ.

ಶಾಲು ಎಳೆದುಕೊಂಡಳು. "ಪೂರ್ವಿಗೆ ಜ್ವರ ಇದೆ, ನಳಿನಿಬೆನ್. ನಿನ್ನೆಯಿಂದ."

ನಳಿನಿಬೆನ್ ಕೂಸನ್ನು ಎದೆಗವಚಿ ಹಿಂದಕ್ಕೆ ಸರಿದಳು. "ಈಗ ಹೇಳ್ತೀಯಾ? ಈಗಾ?" ಸೆರಗು ಮೂಗಿಗೆ ಹೋಯಿತು. ಜೀಪು ಹೊರಟಿತು.

"ದೇವರು ಹೋಗು ಅಂದಮೇಲೂ..." ನಾಗವೇಣಮ್ಮ ಗೇಟಿನ ಕಂಬ ಹಿಡಿದರು. "ಮಗೂನ ಕೊಲ್ತೀಯೇನೇ?"

"ದೇವರು ಅನ್ಲಿಲ್ಲ, ಅತ್ತೆ. ನಾನೇ ಅನ್ನಿಸ್ದೆ. ಬಲಕ್ಕೆ ಗಂಧ ಹಚ್ಚಿರಲೇ ಇಲ್ಲ, ಬರೀ ಸವರಿದ್ದೆ."

ನಾಗವೇಣಮ್ಮ ಸೊಸೆಯ ಮುಡಿಗೆ ಕೈಹಾಕಿ ಹೂ ಕಿತ್ತು, ಗೇಟಿನ ಪಕ್ಕದ ಪಾರಿಜಾತದ ಬುಡಕ್ಕೆಸೆದರು. "ನಿಂತೇ ಇದೀಯಲ್ಲ, ರಿಕ್ಷಾ ಕೂಗು," ಎಂದರು.

ಆಸ್ಪತ್ರೆಯಲ್ಲಿ ಬಾಗಿಲು ಹಾಕಿದ್ದು ನಿಜ. ತಾಯಿಯನ್ನು ಒಳಗೆ ಬಿಟ್ಟರು, ಅಜ್ಜಿಯನ್ನು ಬಿಡಲಿಲ್ಲ; ಅವರು ಹೊರಗಿನ ಜಗಲಿಯಲ್ಲೇ ಉಳಿದರು. ಮಾತ್ರೆ ಕೊಟ್ಟರು. ಜ್ವರ ಇಳಿಯಿತು. ಮೂವರೂ ಮನೆಗೆ ಬಂದಾಗ ಎಡಭುಜದ ನಂದಿಬಟ್ಟಲು ಕಂದಿ ಕಪ್ಪಾಗಿ, ಇನ್ನೂ ಅಂಟಿಕೊಂಡೇ ಇತ್ತು. ಗಿರಿಜಾ ಅದನ್ನು ನೀರು ಹಾಕಿ ಬಿಡಿಸಬೇಕಾಯಿತು.

ಪೂರ್ವಿಗೆ ಬಂದದ್ದು ಯಾವ ಜ್ವರವೆಂದು ಡಾಕ್ಟರು ಹೇಳಲಿಲ್ಲ. ಎರಡೂ ಕಡೆ ಗಂಧ ಸಮವಾಗಿ ಹಚ್ಚಿದ್ದರೆ ಯಾವ ಹೂ ಬೀಳುತ್ತಿತ್ತೆಂದು ಅತ್ತೆ ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೂ ಗಿರಿಜಾಳಿಗೆ ಗೊತ್ತಿರಲಿಲ್ಲ. ಇದನ್ನು ಹೇಳಿದವರಿಗೂ ಗೊತ್ತಿಲ್ಲ.