ಬಲಗೈಯ ಮಡಿಕೆ

"ಇನ್ನೊಂದು ಸಲ ಹೇಳಿ," ಎಂದರು ಪರದೆಯೊಳಗಿನ ಟೀಚರಮ್ಮ. "ನೀವಲ್ಲ, ನಿಮ್ಮ ಪಕ್ಕದೋರು. ಎಲ್ಲರೂ ಅವರನ್ನ ಕೇಳಿಸ್ಕೊಳ್ಳಿ."

ನೀವಲ್ಲ ಎಂದದ್ದು ದೊಡ್ಡವಳಿಗೆ. ಪಕ್ಕದವಳು ಅವಳ ಓರಗಿತ್ತಿ, ಮೈದುನನ ಹೆಂಡತಿ. ಅಂಗಡಿಯ ಷಟರ್ ಇನ್ನೂ ಮೇಲೆದ್ದಿರಲಿಲ್ಲ. ನೆಲಮಾಳಿಗೆಯ ಸರಕಿನ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಟ್ಯಾಬ್ಲೆಟ್ ಒರಗಿಸಿಟ್ಟು, ಸಮವಸ್ತ್ರ ತೊಟ್ಟ ಹೆಂಗಸರೆಲ್ಲ ಅದರೆದುರು ಸಾಲುಗಟ್ಟಿ ನಿಂತಿದ್ದರು. ಚಿಕ್ಕವಳು ಸೊಂಟದಿಂದ ಬಾಗಿ, "ಇರಸ್ಶಾಯಿಮಾಸೆ" ಎಂದಳು. ಗಿರಾಕಿಯನ್ನು ಬನ್ನಿ ಎಂದು ಕರೆಯುವ ಆ ಜಪಾನೀ ಮಾತು ದೊಡ್ಡವಳ ಬಾಯಲ್ಲಿ ಕಲ್ಲು ಅಗಿದ ಹಾಗೆ ಬರುತ್ತಿತ್ತು. ಚಿಕ್ಕವಳ ಬಾಯಲ್ಲಿ ಹುಟ್ಟಿನಿಂದ ಇದ್ದದ್ದರ ಹಾಗೆ ಬಂತು. ಪರದೆಯಲ್ಲಿ ಟೀಚರಮ್ಮ ಚಪ್ಪಾಳೆ ತಟ್ಟಿದರು. ಕೋಣೆಯವರೂ ತಟ್ಟಿದರು. ದೊಡ್ಡವಳ ಕೈಗಳೂ ಕೂಡಿದವು, ಆದರೆ ಸದ್ದು ಹೊರಡಲಿಲ್ಲ.

ದೊಡ್ಡವಳು, ಚಿಕ್ಕವಳು ಎಂಬುವು ಅತ್ತೆ ಇಟ್ಟ ಹೆಸರುಗಳು. ಮನೆಗೆ ಸೊಸೆಯರಾಗಿ ಬಂದ ಕ್ರಮದಿಂದ ಬಂದವೇ ಹೊರತು ಗುಣದಿಂದ ಬಂದವಲ್ಲ. ಚಿಕ್ಕವಳನ್ನು ಈ ಅಂಗಡಿಗೆ ಕರೆತಂದು, ಪಿಂಗಾಣಿ ವಿಭಾಗದಲ್ಲಿ ತನ್ನ ಬಳಿಯೇ ನಿಲ್ಲಿಸಿಕೊಂಡು, ಬಟ್ಟಲನ್ನು ಹೇಗೆ ಹಿಡಿಯಬೇಕು, ಚೌಕಾಸಿ ಮಾಡುವವರ ಮುಂದೆ ಹೇಗೆ ನಗಬೇಕು ಎಂದು ಕಲಿಸಿದವಳು ದೊಡ್ಡವಳೇ. ಆ ಉಪಕಾರವನ್ನು ಅವಳು ಮರೆತಿರಲಿಲ್ಲ. ಉಪಕಾರ ಮಾಡಿದವರು ಅದನ್ನು ಮರೆಯದೆ ಇರುವುದೇ ಎಷ್ಟೋ ಅನರ್ಥಗಳ ಬೇರು.

ಊರಾಚೆ ಹೊಸದಾಗಿ ಎದ್ದ ಕಾರ್ಖಾನೆಗೆ ಜಪಾನಿನಿಂದ ಎಂಜಿನಿಯರುಗಳು ಸಂಸಾರ ಸಮೇತ ಬಂದಿಳಿದಿದ್ದರು. ಅವರಿಗಾಗಿ ಅಂಗಡಿಯವರು ಗಾಜಿನ ಬಾಗಿಲ ಪಕ್ಕದಲ್ಲಿ ಹೊಸ ಕೌಂಟರ್ ಒಂದನ್ನು ಕಟ್ಟಿಸಿದರು. ಅದರ ಹಿಂದೆ ಒಂದು ಕುರ್ಚಿ ಇತ್ತು. ಆ ಅಂಗಡಿಯಲ್ಲಿ ಮಾರುವವರಿಗೆ ಕುರ್ಚಿ ಇಟ್ಟದ್ದು ಅದೇ ಮೊದಲು. ಹೆಂಗಸರನ್ನು ಬೆಳಗಿನಿಂದ ಸಂಜೆವರೆಗೆ ನಿಲ್ಲಿಸಿ, ಗೋಡೆಗೆ ಬೆನ್ನು ತಾಗಿಸಿದರೂ ಗದರಿಸಿ, ಅದಕ್ಕೆ ಶಿಸ್ತು ಎಂದು ಹೆಸರಿಡುವುದು ಶುದ್ಧ ನಿರ್ದಯೆ. ಆ ನಿರ್ದಯೆ ದೊಡ್ಡವಳ ಕಾಲುಗಳಲ್ಲಿ ಹಸಿರು ಗಂಟುಗಳಾಗಿ ಕೂತಿತ್ತು. ಕುರ್ಚಿ ಒಂದೇ. ಅದಕ್ಕೆ ಮ್ಯಾನೇಜರು ಆರಿಸಿದ್ದು ಪಿಂಗಾಣಿ ವಿಭಾಗದ ಈ ಇಬ್ಬರನ್ನು. ಟೀಚರಮ್ಮ ಪರದೆಯಿಂದಲೇ ನೋಡುತ್ತಾರೆ, ಶನಿವಾರ ನಿಜವಾದ ಗಿರಾಕಿಗಳ ಮುಂದೆ ಯಾರು ಚೆನ್ನಾಗಿ ನಡೆದುಕೊಳ್ಳುತ್ತಾರೋ ಅವರಿಗೆ ಕೌಂಟರ್ ಎಂದು ಅವರು ಸಾರಿದ್ದರು.

ಮನೆಯಲ್ಲಿ ಅದು ಆಗಲೇ ಚಿಕ್ಕವಳಿಗೆಂದು ತೀರ್ಮಾನವಾದಂತಿತ್ತು. ಊಟದ ಹೊತ್ತಿಗೆ ಮೈದುನ, "ಏನಾದ್ರೂ ಜಪಾನೀಲಿ ಹೇಳೇ" ಎನ್ನುತ್ತಿದ್ದ. ಚಿಕ್ಕವಳು ನಾಚಿಕೊಂಡು ಹೇಳುತ್ತಿದ್ದಳು. ಎಲ್ಲಕ್ಕಿಂತ ಚುಚ್ಚಿದ್ದು ಅತ್ತೆಯ ಮಾತು. ಮಾತ್ರೆ ನುಂಗಲು ಚಿಕ್ಕವಳು ನೀರು ತಂದುಕೊಟ್ಟಾಗ ಆ ಮುದುಕಿ ಬೊಚ್ಚು ಬಾಯಿ ಅಗಲಿಸಿ "ಅರಿಗಾತೋ" ಎಂದಿತು. ಇಡೀ ಮನೆ ನಕ್ಕಿತು. ಅಷ್ಟು ವರ್ಷ ನೀರು ಕೊಟ್ಟ ದೊಡ್ಡವಳಿಗೆ ಯಾವ ಭಾಷೆಯಲ್ಲೂ ಆ ಕೃತಜ್ಞತೆಯ ಮಾತು ಬಂದಿರಲಿಲ್ಲ.

"ನಿಮ್ಮತ್ತೇನೂ ಕ್ಲಾಸಿಗೆ ಸೇರಿಸ್ಬಿಡು," ಎಂದ ಅವಳ ಗಂಡ, ಅನ್ನ ಕಲಸುತ್ತ. "ನಿನಗಿಂತ ಬೇಗ ಪಾಸಾಗ್ತಾಳೆ."

ಅವನು ತಮಾಷೆಗೆ ಅಂದದ್ದು. ಅವಳು ತಟ್ಟೆ ಎತ್ತಿಕೊಂಡು ಎದ್ದಳು.

ಒಂದೇ ಒಂದು ಪಾಠದಲ್ಲಿ ಮಾತ್ರ ಅವಳು ಗೆದ್ದಿದ್ದಳು. ಅದು ಉಡುಗೊರೆ ಸುತ್ತುವ ಪಾಠ. ನಾಲಿಗೆಗೆ ಕೆಲಸವಿಲ್ಲ, ಎಲ್ಲ ಕೈಯದೇ. ಟೀಚರಮ್ಮ ಆ ದಿನ ಬಲ ಮಣಿಕಟ್ಟಿಗೆ ಕೆಂಪು ರಿಬ್ಬನ್ ಕಟ್ಟಿಕೊಂಡು ಬಂದಿದ್ದರು, ಎಲ್ಲರಿಗೂ ಕಟ್ಟಿಸಿದರು. ಪರದೆ ನೋಡಿ ಕಲಿಯುವವರು ಕನ್ನಡಿ ನೋಡಿದ ಹಾಗೆ ಎಡಗೈ ಬಳಸಿಬಿಡುತ್ತಾರೆ, ಹಾಗಾಗಬಾರದು ಎಂದು ಎಚ್ಚರಿಸಿದರು. ಶುಭಕ್ಕೆ ಕೊಡುವ ಪೊಟ್ಟಣದಲ್ಲಿ ಕೊನೆಯ ಮಡಿಕೆ ಬಲಗಡೆಯಿಂದ ಬಂದು ಮೇಲೆ ಕೂರಬೇಕು; ಎಡಗಡೆಯಿಂದ ಬಂದರೆ ಅದು ಸಾವಿನ ಮನೆಗೆ ಒಯ್ಯುವ ಪೊಟ್ಟಣ. ದೊಡ್ಡವಳು ಮಡಿಸಿದ್ದನ್ನು ಕಂಡು ಟೀಚರಮ್ಮ, ಇಂಥ ಮೂಲೆ ಜಪಾನಿನಲ್ಲೂ ಅಪರೂಪ ಎಂದಿದ್ದರು. ಚಿಕ್ಕವಳು ಆ ದಿನ ಇರಲಿಲ್ಲ. ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದಳು.

ಊದಿದ ಕೆನ್ನೆ ಇಳಿದ ಮೇಲೆ, ಅಂಗಡಿಯ ರಜೆಯ ದಿನ, ಅವಳು ಹಳೆಯ ದಿನಪತ್ರಿಕೆಗಳನ್ನೂ ಒಂದು ಖಾಲಿ ಡಬ್ಬಿಯನ್ನೂ ಹಿಡಿದು ಬಂದಳು.

"ಅಕ್ಕ, ಆ ಮಡಚೋದು ನಂಗೂ ಹೇಳ್ಕೊಡಿ. ಟೀಚರಮ್ಮ ನಿಮ್ಮನ್ನೇ ಕೇಳು ಅಂದ್ರು."

ಊಟದ ಮೇಜಿನ ಆ ಬದಿಗೆ ಅವಳು ಕೂತಳು, ಈ ಬದಿಗೆ ದೊಡ್ಡವಳು. ಇದ್ದದ್ದು ಇದೊಂದೇ, ಇದನ್ನೂ ಕೊಟ್ಟುಬಿಡಬೇಕೆ ಎಂದುಕೊಂಡಳು. ಆದರೂ ಮಡಿಸಿದಳು, ವಂಚನೆ ಮಾಡದೆ, ನಿಧಾನವಾಗಿ, ಸರಿಯಾಗಿಯೇ ಮಡಿಸಿದಳು. ಎದುರಿಗಿದ್ದ ಚಿಕ್ಕವಳು ಅವಳ ಕೈಯನ್ನೇ ನೋಡುತ್ತ ತಾನೂ ಮಡಿಸಿದಳು. ಇವಳ ಬಲಗೈ ಬಂದಾಗ ಅವಳ ಎಡಗೈ ಬಂತು. ಕೊನೆಯ ಮಡಿಕೆ ಎಡದಿಂದ ಬಂದು ಮೇಲೆ ಕೂತಿತು.

ದೊಡ್ಡವಳು ಅದನ್ನು ಕಂಡಳು. ಬಾಯಿ ತೆರೆದಳು ಕೂಡ.

"ಸರಿ ಇದೆಯಾ ಅಕ್ಕ?"

ಹೊರಗಿನ ಕೋಣೆಯಲ್ಲಿ ಅತ್ತೆ ಯಾರಿಗೋ ಫೋನಿನಲ್ಲಿ, ನಮ್ಮ ಚಿಕ್ಕವಳು ಜಪಾನಿನವರ ಹಾಗೇ ಮಾತಾಡುತ್ತಾಳೆ ಎಂದು ಹೇಳುತ್ತಿದ್ದಳು.

"ಸರಿ ಇದೆ," ಎಂದಳು ದೊಡ್ಡವಳು.

ಸುಳ್ಳು ಹೇಳಲು ಧೈರ್ಯ ಬೇಕು ಎನ್ನುವವರು ಆ ಮಧ್ಯಾಹ್ನ ಅವಳನ್ನು ನೋಡಬೇಕಿತ್ತು. ಏನೂ ಬೇಕಾಗಲಿಲ್ಲ. ಚಿಕ್ಕವಳು ಅದೇ ಮಡಿಕೆಯನ್ನು ದಿನಪತ್ರಿಕೆ ಮುಗಿಯುವ ತನಕ ಅಭ್ಯಾಸ ಮಾಡಿದಳು.

ಶನಿವಾರ ಟ್ಯಾಬ್ಲೆಟ್ಟನ್ನು ಹೊಸ ಕೌಂಟರಿನ ಮೂಲೆಗೆ ತಂದು ನಿಲ್ಲಿಸಿದರು; ಅದರಲ್ಲಿ ಟೀಚರಮ್ಮನ ಮುಖ. ಮೊದಲ ಸರದಿ ದೊಡ್ಡವಳದು. ತರುಣ ದಂಪತಿ ಬಂದರು. ಅವಳು ಬಾಗಿದಳು, ಸ್ವಾಗತಿಸಿದಳು, ಮುಂದಿನ ವಾಕ್ಯ ನೆನಪಾಗಲಿಲ್ಲ. ದಂಪತಿ ನಗುತ್ತ ತಲೆಬಾಗಿ, ಏನೂ ಕೊಳ್ಳದೆ ಹೋದರು. ಮ್ಯಾನೇಜರು ಕೈಬೀಸಿ ಚಿಕ್ಕವಳನ್ನು ಕರೆದರು.

ಆಮೇಲೆ ಒಬ್ಬ ವೃದ್ಧೆ ಬಂದರು, ಬೂದು ಬಣ್ಣದ ಕೋಟು, ಬಗಲಲ್ಲಿ ಪುಟ್ಟ ಚೀಲ. ಚಿಕ್ಕವಳು ಅವರನ್ನು ಕಪಾಟಿನಿಂದ ಕಪಾಟಿಗೆ ಕರೆದೊಯ್ದಳು, ಎರಡು ಕೈಯಿಂದ ಬಟ್ಟಲುಗಳನ್ನು ಎತ್ತಿಕೊಟ್ಟಳು, ತಿಳಿಯದ ಕಡೆ ನಕ್ಕು ಮತ್ತೆ ಕೇಳಿದಳು. ವೃದ್ಧೆ ನೀಲಿ ಅಂಚಿನ ಜೋಡಿ ಬಟ್ಟಲು ಆರಿಸಿದರು. ಚಿಕ್ಕವಳು ಕಣ್ಣರಳಿಸಿ, ಅಂಟುಟೇಪು ಹಿಡಿದು ಪಕ್ಕದಲ್ಲಿ ನಿಂತಿದ್ದ ದೊಡ್ಡವಳತ್ತ ತಿರುಗಿದಳು.

"ಮೊಮ್ಮಗಳ ಮದುವೆಗಂತೆ ಅಕ್ಕ. ನಂಗೆ ಅರ್ಥ ಆಯ್ತು."

ಬಿಳಿ ಕಾಗದ ಹರಡಿತು. ಡಬ್ಬಿ ಓರೆಯಾಗಿ ಕೂತಿತು. ತಡೆಯುವುದಕ್ಕೆ ಹೊತ್ತು ಬೇಕಾದಷ್ಟಿತ್ತು. ಅವಳ ಕೈ ಮುಟ್ಟಿದ್ದರೂ ಸಾಕಿತ್ತು. ದೊಡ್ಡವಳು ಕುರ್ಚಿಯ ಕಡೆ ನೋಡಿದಳು. ಚಿಕ್ಕವಳ ಎಡಗೈ ಕೊನೆಯ ಮಡಿಕೆಯನ್ನು ತಂದು ಮೇಲೆ ಕೂರಿಸಿತು, ಬಲಗೈ ಬೆರಳು ಚಾಚಿ ಟೇಪು ಕೇಳಿತು. ದೊಡ್ಡವಳು ಟೇಪು ಕತ್ತರಿಸಿ ಆ ಬೆರಳಿಗೆ ಅಂಟಿಸಿದಳು.

ಪೊಟ್ಟಣವನ್ನು ಎರಡು ಕೈಯಿಂದ ನೀಡಿದಾಗ ವೃದ್ಧೆಯ ನಗು ಹಾಗೇ ಇತ್ತು, ಆದರೆ ಕೈಗಳು ಮುಂದೆ ಬರಲಿಲ್ಲ. ಬಗಲ ಚೀಲವನ್ನು ಅವು ಸ್ವಲ್ಪ ಬಿಗಿಯಾಗಿ ಹಿಡಿದವು. ಚಿಕ್ಕವಳು ಇನ್ನಷ್ಟು ಬಾಗಿ, ಇನ್ನಷ್ಟು ಮುಂದೆ ಚಾಚಿದಳು. ಪರದೆಯಿಂದ ಟೀಚರಮ್ಮ ಜಪಾನಿಯಲ್ಲಿ ಅವಸರವಾಗಿ ಕ್ಷಮೆ ಕೇಳಿದರು. ಆಮೇಲೆ ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ ಹೇಳಿದರು: "ಅದು ಸಾವಿನ ಮನೆ ಮಡಿಕೆ ಕಣಮ್ಮ. ಬಿಚ್ಚು, ಬಿಚ್ಚು."

ಚಿಕ್ಕವಳ ಮುಖದಿಂದ ರಕ್ತ ಇಳಿದದ್ದು ಕಣ್ಣಿಗೆ ಕಂಡಿತು. ಬಿಚ್ಚುವ ಗಡಿಬಿಡಿಯಲ್ಲಿ ಕಾಗದ ಹರಿಯಿತು. ಮ್ಯಾನೇಜರು ದೊಡ್ಡವಳಿಗೆ ಸನ್ನೆ ಮಾಡಿದರು. ಅವಳು ಹೊಸ ಕಾಗದ ಎಳೆದುಕೊಂಡು ಮಡಿಸಿದಳು. ಮೂಲೆಗಳು ಚೂರಿಯ ಅಲಗಿನ ಹಾಗೆ ಕೂತವು, ಕೊನೆಯದು ಬಲದಿಂದ ಬಂತು. ವೃದ್ಧೆ ಪೊಟ್ಟಣವನ್ನು ತೆಗೆದುಕೊಂಡು ಅವಳಿಗೆ ಬಾಗಿದರು. ಆಮೇಲೆ ಎರಡು ಹೆಜ್ಜೆ ಸರಿದು, ತಲೆ ತಗ್ಗಿಸಿ ನಿಂತಿದ್ದ ಚಿಕ್ಕವಳ ಮುಂದೆ ಅದಕ್ಕಿಂತ ಆಳವಾಗಿ ಬಾಗಿದರು.

"ಆ ಪಾಠಕ್ಕೆ ನೀನು ಬಂದಿರ್ಲಿಲ್ಲ ಅಲ್ವಾ," ಎಂದರು ಮ್ಯಾನೇಜರು, ಗಿರಾಕಿ ಬಾಗಿಲು ದಾಟಿದ ಮೇಲೆ. "ಯಾರು ಹೇಳ್ಕೊಟ್ಟಿದ್ದು ಇದನ್ನ?"

ಚಿಕ್ಕವಳು ದೊಡ್ಡವಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಏನೋ ಲೆಕ್ಕ ಕೂಡಿಸುತ್ತಿರುವವರ ನೋಟ ಅದು.

"ಯಾರೂ ಇಲ್ಲ ಸಾರ್. ನಾನೇ ತಪ್ಪಾಗಿ ನೋಡ್ಕೊಂಡೆ."

ಕೌಂಟರ್ ದೊಡ್ಡವಳಿಗಾಯಿತು; ಉಳಿದ ಹೊತ್ತೆಲ್ಲ ಅವಳು ಕುರ್ಚಿಯಲ್ಲಿ ಕೂತಿದ್ದಳು. ಕಾಲುಗಳ ನೋವು ಇಳಿಯಲಿಲ್ಲ. ಬಾಗಿಲಲ್ಲಿ ಯಾರೇ ಕಂಡರೂ ತಟ್ಟನೆ ಎದ್ದು ನಿಲ್ಲುತ್ತಿದ್ದಳು. ಚಿಕ್ಕವಳು ಟ್ಯಾಬ್ಲೆಟ್ಟನ್ನು ಸರಕಿನ ಕೋಣೆಗೆ ಒಯ್ದವಳು ಬಹಳ ಹೊತ್ತು ಮೇಲೆ ಬರಲಿಲ್ಲ. ಟೀಚರಮ್ಮನ ದನಿ ಮೆಟ್ಟಿಲ ತನಕ ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಸಂಜೆ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಬಂದರು. ಚಿಕ್ಕವಳು ಕಿಟಕಿಯಾಚೆ ನೋಡುತ್ತಿದ್ದಳು. ಅವಳ ತುಟಿ ಎಂದಿನ ಹಾಗೆ ಜಪಾನಿ ಪದಗಳನ್ನು ಮಣಮಣಿಸುತ್ತಿರಲಿಲ್ಲ.

ಮನೆಯಲ್ಲಿ ಕುರ್ಚಿಯ ಸುದ್ದಿಯನ್ನು ಹೇಳಿದ್ದು ಚಿಕ್ಕವಳೇ. ಮೈದುನ ಭೇಷ್ ಎಂದ. ಅತ್ತೆ ಕನ್ನಡಕ ಏರಿಸಿ, ದೊಡ್ಡವಳ ಕಡೆ ತಿರುಗಿ, "ಅರಿಗಾತೋ" ಎಂದಳು. ಶಹಬ್ಬಾಸ್ ಅನ್ನುವುದಕ್ಕೂ ಅದೇ ಮಾತು ಎಂದುಕೊಂಡಿದ್ದಳು ಪಾಪ. ಈ ಸಲ ಚಿಕ್ಕವಳು ಕೂಡ ನಗಲಿಲ್ಲ.

ಊಟದ ತಟ್ಟೆಗಳನ್ನು ತೊಳೆದಿಟ್ಟು ದೊಡ್ಡವಳು ಮೇಜಿನ ಮುಂದೆ ಸುಮ್ಮನೆ ಕೂತಿದ್ದಳು. ಚಿಕ್ಕವಳು ದಿನಪತ್ರಿಕೆಯನ್ನೂ ಆ ಖಾಲಿ ಡಬ್ಬಿಯನ್ನೂ ಹಿಡಿದು ಬಂದಳು. ಅವಳ ಬಲ ಮಣಿಕಟ್ಟಿನಲ್ಲಿ ಕೆಂಪು ರಿಬ್ಬನ್ ಇತ್ತು. ಆ ಬದಿಯ ಕುರ್ಚಿಯನ್ನು ಎತ್ತಿಕೊಂಡು, ಮೇಜನ್ನು ಸುತ್ತಿ ಬಂದು, ದೊಡ್ಡವಳ ಮಗ್ಗುಲಿಗೇ ಹಾಕಿಕೊಂಡು, ಭುಜಕ್ಕೆ ಭುಜ ತಾಗುವಂತೆ ಕೂತಳು.

"ಈಗ ತೋರಿಸಿ ಅಕ್ಕ," ಎಂದಳು.

ಕಾಗದ ಇಬ್ಬರ ಮುಂದೆಯೂ ಹರಡಿತ್ತು. ಚಿಕ್ಕವಳು ರಿಬ್ಬನ್ ಕಟ್ಟಿದ ಕೈಯನ್ನು ಅದರ ಬಲ ಅಂಚಿನ ಮೇಲಿಟ್ಟು ಕಾದಳು. ಪಕ್ಕದಲ್ಲಿ ದೊಡ್ಡವಳ ಬಲಗೈ ತನ್ನ ಕಾಗದದ ಅಂಚನ್ನು ಹಿಡಿದಿತ್ತು, ಎತ್ತಲಾಗದೆ.