ಬಿಡುವಿನ ವೋಲ್ಟೇಜ್

ಫ್ಯಾನಿನ ಸದ್ದು ಇಳಿಯುತ್ತಿದೆ, ಅಡುಗೆಮನೆಗೂ ಕೇಳಿಸುತ್ತದೆ, ಮೊದಲು ಗೊರಕೆ, ಆಮೇಲೆ ಬರೀ ಉಸಿರು, ಆಮೇಲೆ ಅದೂ ಇಲ್ಲ, ಕೆಟಲ್ ಒಂದೇ ತನ್ನಷ್ಟಕ್ಕೆ ಗುನುಗುತ್ತಿದೆ — ಮತ್ತೆ ಹೋಯಿತು, ಟೀ ಚೀಲವನ್ನು ಬೆರಳಲ್ಲಿ ತೂಗಾಡಿಸಿಕೊಂಡೇ ಒಳಕೋಣೆಗೆ ಬಂದು ನೋಡಿದರೆ ಹೌದು, ಕಂಪ್ಯೂಟರಿನ ಪರದೆ ಕಪ್ಪು, ವೋಲ್ಟೇಜ್ ಅಳೆಯುವ ಅಪ್ಪನ ಹಳೆಯ ಮೀಟರಿನ ಮುಳ್ಳು ಎಡಕ್ಕೆ ಬಿದ್ದು ಸೊನ್ನೆಯ ಮೇಲೆ ಮಲಗಿದೆ, ನಿನಗೇನು ಕಡಿಮೆ ಮಾಡಿದ್ದೇನೆ ಹೇಳು, ದೊಡ್ಡ ಫ್ಯಾನು, ತಣ್ಣೀರಿನ ಕೊಳವೆ, ನೆತ್ತಿಗೆ ಬೆಳ್ಳಿ ಬಣ್ಣದ ಲೇಪ, ನನ್ನ ಗಂಡ ಡಾರಿಲ್‌ಗೂ ಇಷ್ಟು ಉಪಚಾರ ಇಲ್ಲ. ತಯಾರಿಸಿದವರು ಇಷ್ಟೇ ಓಡು ಎಂದು ಹೇಳಿ ಕಳಿಸಿದ ಪ್ರೊಸೆಸರನ್ನು ಅದಕ್ಕಿಂತ ಜೋರಾಗಿ ಓಡಿಸುವ ಹುಚ್ಚು ನನ್ನದು, ಓವರ್‌ಕ್ಲಾಕಿಂಗ್ ಎನ್ನುತ್ತಾರೆ, ಶಾಲೆಯ ಕ್ಯಾಂಟೀನಿನಲ್ಲಿ ಮಾಂಸದ ಪೈ ಬಿಸಿ ಮಾಡುವ ಹೆಂಗಸಿಗೆ ಯಾಕೆ ಬೇಕಿತ್ತು ಎಂದು ಎಲ್ಲರೂ ಕೇಳಿದ್ದಾಯಿತು, ಡಾರಿಲ್ ಗಣಿಯಲ್ಲಿದ್ದಾಗ ಈ ಮನೆ ಎಷ್ಟು ದೊಡ್ಡದಾಗುತ್ತದೆ ಎಂದು ಕೇಳಿದವರಿಗೇನು ಗೊತ್ತು, ಜೋರಾಗಿ ಓಡಲು ವೋಲ್ಟೇಜ್ ಹೆಚ್ಚು ಬೇಕು, ಹೆಚ್ಚು ಕೊಟ್ಟರೆ ಕಾಯುತ್ತದೆ, ಕಡಿಮೆ ಕೊಟ್ಟರೆ ಕುಸಿಯುತ್ತದೆ, ನಡುವೆ ಎಲ್ಲೋ ಕೂದಲೆಳೆಯಷ್ಟು ಜಾಗ, ಅಲ್ಲಿ ನಿಂತುಬಿಟ್ಟರೆ ಎಂಥ ಸುಖ, ಇಡೀ ಕೋಣೆ ನೀರಿನ ಮೇಲೆ ತೇಲಿದ ಹಾಗೆ. ಬೆಳಿಗ್ಗೆಯಿಂದ ಅರ್ಥವಿಲ್ಲದ ಲೆಕ್ಕಗಳನ್ನು ಹೊರಿಸಿ ಓಡಿಸಿದ್ದೆ, ಅಲುಗಲಿಲ್ಲ, ಮುಳ್ಳು ನೆಟ್ಟಗೆ ನಿಂತಿತ್ತು, ಪರೀಕ್ಷೆ ಪಾಸಾಯಿತು ಎಂದುಕೊಂಡು ಅದನ್ನು ನಿಲ್ಲಿಸಿ ಟೀಗೆ ಎದ್ದೆ, ಅಷ್ಟೇ. ಸರಿ, ಇನ್ನೊಂದು ಚೂರು ವೋಲ್ಟೇಜ್ ಏರಿಸು, ಬಿದ್ದಾಗಲೆಲ್ಲ ಏರಿಸು, ನಾವೆಲ್ಲ ಮಾಡುವುದೇ ಅದು.

ಕಿಟಕಿಯಾಚೆ ನಮ್ಮೂರು ಮ್ಯಾಂಡುರಾದ ಹಿನ್ನೀರು ಬಿಸಿಲಿಗೆ ತಗಡಿನಂತೆ ಹೊಳೆಯುತ್ತಿದೆ, ನೋಡಬಾರದು ಎಂದುಕೊಂಡರೂ ಕಣ್ಣು ಅತ್ತಲೇ, ಡಾರಿಲ್ ಇವತ್ತು ಬರುತ್ತಾನೆ, ಈಗ ವಿಮಾನ ಇಳಿದಿರಬೇಕು, ಈಗ ಹೆದ್ದಾರಿಯಲ್ಲಿರಬೇಕು, ಎರಡು ವಾರ ದೂರದ ಉತ್ತರದ ಪಿಲ್ಬರಾ ಗಣಿಯ ಕೆಂಪು ಮಣ್ಣಿನಲ್ಲಿ ಮನೆಯಷ್ಟೆತ್ತರದ ಲಾರಿಗಳ ಎಂಜಿನ್ ರಿಪೇರಿ, ಒಂದು ವಾರ ಮನೆ, ಮತ್ತೆ ಎರಡು ವಾರ ಅಲ್ಲಿ, ಈ ಬೀದಿಯ ಅರ್ಧ ಗಂಡಸರ ಬಾಳು ಹಾಗೇ ಉರುಳುತ್ತದೆ. ಅಲ್ಲಿ ಅವನನ್ನು ನೋಡಬೇಕು, ಫೋನಿನಲ್ಲಿ ತೋರಿಸುತ್ತಾನೆ, ಕಿತ್ತಳೆ ಅಂಗಿ, ಮೊಣಕೈವರೆಗೆ ಗ್ರೀಸು, ಹಿಂದೆ ಯಾರೋ ಕೂಗಿದರೆ ಇವನೂ ಕೂಗುತ್ತಾನೆ, ಲೇ ಸ್ಪ್ಯಾನರ್ ಎಲ್ಲಿಟ್ಯೋ, ನಿಮ್ಮಜ್ಜಿ ಹತ್ರ ಇಟ್ಟಿದೀನಿ ನೋಡು, ನಗುತ್ತಾನೆ, ಬಂಡೆಯ ಹಾಗಿರುತ್ತಾನೆ, ಮನೆಗೆ ಬಂದ ಮೊದಲ ದಿನವೂ ಜೋಕು, ಎರಡನೆಯ ದಿನ ನಿದ್ದೆ, ಆಮೇಲೆ ಹಿಂದಿನ ಮೆಟ್ಟಿಲ ಮೇಲೆ ಕೂತು ಏನೋ ನೋಡುತ್ತಿರುತ್ತಾನೆ, ಏನನ್ನೂ ನೋಡುತ್ತಿರುವುದಿಲ್ಲ. ಹೋದ ಸಲ — ಬೇಡ, ಹೋದ ಸಲದ್ದು ಬೇಡ — ಹೋದ ಸಲ ಸ್ವಲ್ಪ ನೀರು ನೋಡ್ಕೊಂಡು ಬರ್ತೀನಿ ಅಂದ, ತಗಡಿನ ದೋಣಿ ತಳ್ಳಿಕೊಂಡು ಹೋದ, ನಾನು ಹಾಯಾಗಿ ಹೋಗಿ ಬಾ ಎಂದೆ, ಹಾಯಾಗಿ, ಅದೇ ಮಾತು ಆಡಿದ್ದು ನಾನು, ಬ್ರೆಡ್ ಕತ್ತರಿಸಲು ಹೋದರೆ ಅಡುಗೆಮನೆ ಕಟ್ಟೆಯ ಮೇಲೆ ಅವನ ಫೋನು, ಅದರ ಪಕ್ಕ ಅವನ ಮದುವೆಯ ಉಂಗುರ, ಎರಡನ್ನೂ ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಇಟ್ಟಿದ್ದ. ಸಮುದ್ರ ರಕ್ಷಣೆಯವರು ಹಿನ್ನೀರು ದಾಟಿ ಅಲೆಗಳಾಚೆ ಸಿಕ್ಕ ಅವನನ್ನು ಎಳೆದು ತಂದರು, ಕಂಬಳಿ ಹೊದ್ದು ದಂಡೆಯಲ್ಲಿ ಕೂತಿದ್ದ, ಎಂಜಿನ್ ಆಫ್ ಮಾಡ್ದೆ ಮೆರಿನ್, ಮತ್ತೆ ಆನ್ ಮಾಡೋಕೆ ಕೈ ಏಳ್ಲಿಲ್ಲ. ಅಷ್ಟೇ ಹೇಳಿದ್ದು. ಆಮೇಲೆ ಡಾಕ್ಟರು, ಮಾತ್ರೆ, ವಾರಕ್ಕೊಮ್ಮೆ ಫೋನಿನಲ್ಲಿ ಸಲಹೆಗಾರರ ಜೊತೆ ಮಾತುಕತೆ, ಗಣಿಯ ಡಾಕ್ಟರೂ ನೋಡಿ ಕೆಲಸದಲ್ಲಿ ಚೆನ್ನಾಗೇ ಇದ್ದಾರಲ್ಲ ಎಂದರಂತೆ, ಕೆಲಸದಲ್ಲಿ ಅವನು ಯಾವಾಗ ಚೆನ್ನಾಗಿರಲಿಲ್ಲ, ನನಗೆ ಹೆದರಿಕೆ ಇರುವುದು ಮನೆಯ ವಾರದ್ದು.

ಪರದೆ ಬೆಳಗಿತು, ಮುಳ್ಳು ಎದ್ದಿತು, ಹೇಮಿಯ ಕರೆ ಕಾಯುತ್ತಿದೆ, ಎತ್ತಿಕೊಂಡೆ, ನ್ಯೂಜಿಲೆಂಡಿನ ದಕ್ಷಿಣದ ತುದಿಯಲ್ಲಿ ಕೂತ ಹುಚ್ಚ, ನನ್ನಂಥದೇ ಹುಚ್ಚು, ಒಮ್ಮೆಯೂ ಮುಖ ನೋಡಿಲ್ಲ, ಕಿವಿಯಲ್ಲಿ ದನಿ ಮಾತ್ರ, ಅಕ್ಕಾ ಒಂದ್ ಮಾತು ಕೇಳ್ಲಾ, ಅದು ಬೀಳೋದು ಭಾರ ಹೊತ್ತಾಗ್ಲೋ ಇಳಿಸಿದ್ಮೇಲೋ. ಇಳಿಸಿದ್ಮೇಲೆ ಯಾರಾದ್ರೂ ಬೀಳ್ತಾರೇನೋ, ನಿನ್ ತಲೆ. ಬೀಳ್ತಾರಕ್ಕಾ, ನಮ್ಮಪ್ಪ ಕುರಿ ಉಣ್ಣೆ ಕತ್ತರಿಸ್ತಿದ್ದ, ಸೀಸನ್ ಪೂರ್ತಿ ಒಂದು ಸೀನೂ ಇಲ್ಲ, ಮುಗಿದ ಮಾರನೇ ದಿನಾನೇ ಹಾಸಿಗೆ ಹಿಡೀತಿದ್ದ, ನೀನು ಸುಮ್ನೆ ಮೇಲೆ ಮೇಲೆ ವೋಲ್ಟೇಜ್ ಸುರೀತಿದ್ದೀಯ, ಬಿಡುವಿದ್ದಾಗ ಎಷ್ಟಿರತ್ತೆ ನೋಡಿದೀಯಾ. ನೋಡಿಲ್ಲ. ಯಾರು ನೋಡುತ್ತಾರೆ, ಓಟದ ಕುದುರೆ ಮಲಗಿದಾಗ ಅದರ ವೇಗ ಅಳೆಯುವವರು ಯಾರು — ಆದರೆ ಟೀ, ಪ್ರತಿ ಸಲವೂ ಟೀ, ಯಂತ್ರ ಬಿದ್ದಾಗಲೆಲ್ಲ ನಾನು ಅಡುಗೆಮನೆಯಲ್ಲಿದ್ದೆ, ಭಾರ ಹೊತ್ತಾಗ ಕಣ್ಣು ಮಿಟುಕಿಸದೆ ಕಾವಲು ಕಾದೆ, ಇಳಿಸಿದ ಕೂಡಲೇ ಇನ್ನೇನು ಭಯ ಎಂದು ಎದ್ದು ಹೋದೆ. ಕೆಲಸವಿಲ್ಲದಾಗ ವೋಲ್ಟೇಜ್ ತಾನೇ ಇಳಿದುಕೊಳ್ಳಲಿ ಎಂದು ಹಾಗೆ ಇಟ್ಟವಳೂ ನಾನೇ, ಪಾಪ ತಣ್ಣಗಿರಲಿ, ಹಾಯಾಗಿರಲಿ, ಇಳಿಯುತ್ತ ಇಳಿಯುತ್ತ ಅದು ಉಸಿರಿಗೂ ಸಾಲದಷ್ಟು ಇಳಿಯುತ್ತಿತ್ತು, ಪರದೆಯ ಮೇಲಿನ ಅಂಕಿ ಎಲ್ಲ ಸರಿಯಿದೆ ಎನ್ನುತ್ತಲೇ ಇತ್ತು, ಅಪ್ಪನ ಮುಳ್ಳೊಂದೇ ಸುಳ್ಳು ಹೇಳುವುದಿಲ್ಲ, ಅದನ್ನು ನೋಡಲು ನಾನು ಕೋಣೆಯಲ್ಲಿರಬೇಕಿತ್ತು.

ಏ ಮೆರಿನ್, ಬೇಲಿಯಾಚೆಯಿಂದ ಐವಾಂಕಾ, ಎಂಬತ್ತು ದಾಟಿದರೂ ಗಂಟಲು ಮಾತ್ರ ಹಡಗಿನ ಸಿಳ್ಳೆ, ಗಂಡ ಬರೋದು ಇವತ್ತಲ್ವೇನೇ. ಹೂಂ ಐವಾಂಕಾ. ನನ್ ಏಡಿ ಬಲೆ ಹರ್ಕೊಂಡು ಕೂತಿದೆ, ಅವನ್ನ ಕಳ್ಸು, ಹೋದ್ಸಲಾನೂ ಕೇಳ್ದೆ, ನೀನು ಬಾಗಿಲಲ್ಲೇ ಅಡ್ಡ ನಿಂತೆ. ಅವನಿಗೆ ರೆಸ್ಟ್ ಬೇಕು ನಿಮಗೆ ಗೊತ್ತಲ್ಲ. ರೆಸ್ಟು, ರೆಸ್ಟು ಬೇಕಾದ್ರೆ ನನ್ ಗಂಡ ಮಲಗಿದಾನಲ್ಲ ಆ ಜಾಗದಲ್ಲಿ ಬೇಕಾದಷ್ಟಿದೆ, ಬದುಕಿರೋನಿಗೆ ಬಲೆ ಹೊಲಿಯೋಕೆ ಹೇಳು ಮಗಳೇ. ಮುದುಕಿಯ ಬಾಯಿಗೆ ಬೀಗವಿಲ್ಲ, ಕಿಟಕಿಯ ಪರದೆ ಎಳೆದುಕೊಂಡೆ, ಎಳೆದುಕೊಂಡ ಕೈ ಅಲ್ಲೇ ನಿಂತಿತು — ಹುಲ್ಲು ನಾನೇ ಕತ್ತರಿಸಿದ್ದೇನೆ, ಗೇಟಿನ ಬಿಜಾಗರಿಗೆ ಎಣ್ಣೆ ಹಾಕಿದ್ದೇನೆ, ದೋಣಿಯನ್ನು ಮಾರಿದ್ದೇನೆ, ಪರ್ತ್‌ನಲ್ಲಿರುವ ಮಗಳಿಗೆ ಈ ವಾರ ಬರಬೇಡ ಎಂದಿದ್ದೇನೆ, ಉಳಿದ ಕಿಟಕಿಗಳ ಪರದೆಗಳನ್ನೂ ಎಳೆದು ಹಾಸಿಗೆಗೆ ಹೊಸ ಹೊದಿಕೆ ಹಾಸಿ ಮನೆಯನ್ನು ಸದ್ದಿಲ್ಲದ ಹಾಗೆ ಮಾಡಿಟ್ಟಿದ್ದೇನೆ, ಅವನು ಮುಟ್ಟುವಂಥದು ಒಂದೂ ಉಳಿಯದ ಹಾಗೆ, ಯಂತ್ರಕ್ಕೆ ಮಾಡಿದ್ದನ್ನೇ, ಇಳಿಯಲಿ, ತಣ್ಣಗಿರಲಿ, ಹಾಯಾಗಿರಲಿ — ಅಯ್ಯೋ ದೇವರೇ. ಸೆಟ್ಟಿಂಗ್ ಪುಟ ತೆರೆದು ಅತಿ ಕೆಳಗಿನ ಮಿತಿಯನ್ನು ಏರಿಸಿದೆ, ಬಿಡುವಿನಲ್ಲೂ ಇಷ್ಟಕ್ಕಿಂತ ಕೆಳಗೆ ಇಳಿಯಬೇಡ, ಆಳದ ನಿದ್ದೆಗೆ ಹೋಗಬೇಡ, ಮೇಲೆ ಸುರಿದದ್ದನ್ನೆಲ್ಲ ಹಿಂದಕ್ಕೆ ತೆಗೆದೆ, ಬೇಕಾಗಿದ್ದು ತಳದಲ್ಲಿ ಒಂದು ಚೂರು, ಸೇವ್ ಮಾಡಿದೆ, ಮತ್ತೆ ಲೆಕ್ಕಗಳನ್ನು ಹೊರಿಸಿದೆ, ಫ್ಯಾನಿನ ಗೊರಕೆ ಶುರುವಾಯಿತು. ಮೀಟರಿನ ತಂತಿಗಳ ತುದಿಯ ಎರಡು ಕಡ್ಡಿಗಳನ್ನು ಕಂಪ್ಯೂಟರಿನ ಬೋರ್ಡಿಗೆ ಅಂಟಿಸಿದ್ದ ಟೇಪು ಸೆಕೆಗೆ ಮೆತ್ತಗಾಗಿ ಜಾರುತ್ತಿದೆ, ಒಂದನ್ನು ಒತ್ತಿದರೆ ಇನ್ನೊಂದು, ಎರಡೂ ಕೈ ಇಲ್ಲಿಟ್ಟರೆ ಲೆಕ್ಕ ನಿಲ್ಲಿಸುವವರು ಯಾರು, ಹೊರಗೆ ಗೇಟಿನ ಚಿಲಕ ತೆಗೆದ ಸದ್ದು, ಎಣ್ಣೆ ಹಾಕಿದ್ದಕ್ಕೆ ಗೇಟು ಕಿರುಗುಟ್ಟಲೂ ಇಲ್ಲ.

ನಿನ್ನ ಎರಡನೇ ಗಂಡ ಹೇಗಿದಾನೆ, ಬಾಗಿಲಲ್ಲಿ ಡಾರಿಲ್, ಕಂಪ್ಯೂಟರಿನತ್ತ ಗದ್ದ ತೋರಿಸುತ್ತ, ಕೆನ್ನೆಯ ಗೆರೆಗಳಲ್ಲಿ ಇನ್ನೂ ಕೆಂಪು ಧೂಳು, ಚೀಲ ಕೆಳಗಿಟ್ಟು ನಗುತ್ತಿದ್ದಾನೆ, ಮೊದಲ ದಿನದ ನಗು, ಅದನ್ನು ನಂಬಿ ನಾನು ಎಷ್ಟು ಸಲ ಅಡುಗೆಮನೆಗೆ ಎದ್ದು ಹೋಗಿಲ್ಲ, ದಣಿದಿದ್ದೀಯ ಮಲಗು ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು, ನುಂಗಿದೆ, ಕೈ ತೊಳ್ಕೊಂಡು ಬಾ, ಒರೆಸ್ಕೊಂಡು ಬಾ, ಒಂದ್ ಸ್ವಲ್ಪ ಹಿಡ್ಕೊಬೇಕು. ಬಂದ ತಕ್ಷಣಾನಾ. ಬಂದ ತಕ್ಷಣ. ನಗು ನಿಂತಿತು, ಅವನು ನನ್ನನ್ನೇ ನೋಡುತ್ತಾನೆ, ಎಳೆದ ಪರದೆಗಳನ್ನು, ಅವುಗಳ ಸಂದಿಯಲ್ಲಿ ಕಾಣುವ ದೋಣಿಯ ಖಾಲಿ ಜಾಗವನ್ನು, ನನ್ನನ್ನು, ನಂಗೆ ಕೆಲ್ಸ ಹುಡುಕಿ ಕೊಡ್ತಿದೀಯಾ ಮೆರಿನ್, ಡಾಕ್ಟರ್ ಹೇಳ್ಕೊಟ್ರಾ. ಇಲ್ಲ ಮಾರಾಯ, ನನಗಿರೋದು ಎರಡೇ ಕೈ, ಟೇಪು ಬಿಟ್ಕೊಂಡಿದೆ, ಕಡ್ಡಿ ಜಾರಿ ಪಕ್ಕದ್ದಕ್ಕೆ ತಾಗಿದ್ರೆ ಬೋರ್ಡೇ ಸುಟ್ಟೋಗತ್ತೆ, ನೀನಾಗಲ್ಲ ಅಂದ್ರೆ ಐವಾಂಕಾನ ಕರೀಬೇಕು. ಐವಾಂಕಾನ ಬೇಡ, ಸರಿ ಎಲ್ಲಿ ಹಿಡೀಬೇಕು. ಅವನ ದಪ್ಪ ಬೆರಳುಗಳು ಪೆನ್ಸಿಲ್ ಹಿಡಿದ ಮಗುವಿನಂತೆ ಕಡ್ಡಿಗಳನ್ನು ಹಿಡಿದಿವೆ, ಎಂಜಿನ್ ಎತ್ತುವ ಕೈಗಳು, ಚುಕ್ಕಿಯಷ್ಟು ಜಾಗದ ಮೇಲೆ ಒತ್ತಿ ನಿಂತಿವೆ, ಉಂಗುರದ ಬೆರಳಲ್ಲಿ ಉಂಗುರ ಇದೆ, ನೋಡಿದೆ, ನೋಡಿದ್ದು ಅವನಿಗೂ ಗೊತ್ತಾಯಿತು.

ಮುಳ್ಳು ನೆಟ್ಟಗಿದೆ, ಈಗ ಭಾರ ಇಳಿಸ್ತೀನಿ, ಅಲುಗ್ಬೇಡ, ಲೆಕ್ಕವನ್ನು ನಿಲ್ಲಿಸಿದೆ, ಗೊರಕೆ ಉಸಿರಾಗುತ್ತಿದೆ, ಮುಳ್ಳು ಇಳಿಯುತ್ತಿದೆ, ಇಳಿಯುತ್ತಿದೆ, ನಿಂತಿತು, ಸೊನ್ನೆಗಿಂತ ಎಷ್ಟೋ ಮೇಲೆ, ಪರದೆ ಇನ್ನೂ ಬೆಳಗುತ್ತಿದೆ, ಆಯ್ತಾ ಅಂದ, ಇಲ್ಲ, ಇದು ಬೀಳೋದೇ ಸುಮ್ನಿದ್ದಾಗ, ನಾವೂ ಸುಮ್ನಿದ್ದು ನೋಡ್ಬೇಕು. ಎಷ್ಟೊತ್ತು. ಗೊತ್ತಿಲ್ಲ. ಮಧ್ಯಾಹ್ನದ ಸಮುದ್ರಗಾಳಿ ಎದ್ದು ಪರದೆಯ ಬಟ್ಟೆಯನ್ನು ಉಬ್ಬಿಸುತ್ತಿದೆ, ಒಳಗೆ ನೀರಿನ ಬೆಳಕು ಬಂದು ಗೋಡೆಯ ಮೇಲೆ ಅಲೆಯುತ್ತಿದೆ, ಅವನ ಮುಖದ ಮೇಲೂ, ಎಷ್ಟೋ ವರ್ಷದ ಹಿಂದೆ ಇದೇ ಮುಖದ ಮೇಲೆ ಇದೇ ಬೆಳಕು, ಮಗಳಿನ್ನೂ ತೊಡೆಯ ಮೇಲೆ, ಏಡಿ ಕಚ್ಚಿತೆಂದು ಅಳು, ಅವನು ಏಡಿಗೆ ಬೈದಿದ್ದ. ನಾನೂ ಇದರ ಹಾಗೇ ಮೆರಿನ್, ಈಗ ಅಂದ, ಮುಳ್ಳಿನ ಮೇಲಿಂದ ಕಣ್ಣು ತೆಗೆಯದೆ, ಅಲ್ಲಿ ಏನೂ ಆಗಲ್ಲ, ಇಲ್ಲಿಗೆ ಬಂದು ಎಲ್ಲ ಸುಮ್ನಾದ್ಮೇಲೆ ಭಯ ಆಗತ್ತೆ. ನಂಗೂ ಭಯ ಡಾರಿಲ್. ಹೂಂ. ಐವಾಂಕಾ ಬಲೆ ಹೊಲ್ಕೊಡು ಅಂತಿದ್ರು. ಆ ಮುದುಕಿ ದಾರ ಚೆನ್ನಾಗಿರಲ್ಲ, ನಾಳೆ ಹೋಗೋವಾಗ ಬೇರೆ ತಗೊಂಡೋಗ್ತೀನಿ. ನಾಳೆ ಅಂದ, ನಾಳೆ ಎನ್ನುವ ಮಾತನ್ನು ತಾನಾಗೇ ಅಂದ, ಅಡುಗೆಮನೆಯಲ್ಲಿ ಕೆಟಲ್ ಆರಿರಬೇಕು, ಟೀ ಬೇಕೇ ಎಂದು ಕೇಳಬೇಕಿತ್ತು, ನಾನು ಏಳುವುದಿಲ್ಲ, ಟೀ ಹಾಳಾಗಿ ಹೋಗಲಿ, ಅವನ ಮೊಣಕೈಗೆ ನನ್ನ ಮೊಣಕೈ ತಾಗಿದೆ, ಮುಳ್ಳು ನಿಂತಲ್ಲೇ ಸಣ್ಣಗೆ ನಡುಗುತ್ತಿದೆ, ಅದು ಕರೆಂಟಿನ ನಡುಕವೋ ಅವನ ಕೈಯದೋ, ನಾನು ಕೇಳುವುದಿಲ್ಲ, ನೋಡುತ್ತೇನೆ, ಮುಳ್ಳು ನಡುಗುತ್ತಿದೆ, ಬಿದ್ದಿಲ್ಲ, ನಡುಗುತ್ತಿದೆ — ಬಿದ್ದಿಲ್ಲ