ಮೂಲೆಯ ಚುಕ್ಕಿ

ಬೆರಳೊತ್ತಿದರೆ ಚುಕ್ಕಿ ಮಾಯ, ಪರದೆಯ ಮೇಲಿನ ಗೆರೆ ನೆಟ್ಟಗೆ ಮಲಗುತ್ತದೆ, ಇನ್ನೊಮ್ಮೆ ಒತ್ತಿದರೆ ಚುಕ್ಕಿ ಹಾಜರ್, ಗೆರೆ ತಲೆಯೆತ್ತುತ್ತದೆ, ಹೊಸ ಔಷಧದ ಪರೀಕ್ಷೆಗೆ ಬಂದ ಒಬ್ಬೊಬ್ಬ ರೋಗಿಗೆ ಒಂದೊಂದು ಚುಕ್ಕಿ, ಉಳಿದ ಚುಕ್ಕಿಗಳೆಲ್ಲ ಗುಂಪಾಗಿ ಬೆಚ್ಚಗೆ ಕೂತಿರುವಾಗ ಇದೊಂದು ಮೂಲೆ ಹಿಡಿದಿದೆ, ಮುನಿಸಿಕೊಂಡ ಮಗುವಿನ ಹಾಗೆ — ಮಧ್ಯಾಹ್ನದ ಬಿಸಿಲು ಗಾಜಿನ ಮೇಲೆ ಬಿದ್ದು ಎಲ್ಲವೂ ನೀರಿನಡಿ ಇದ್ದಂತೆ ಕಾಣುತ್ತದೆ, ನಿದ್ದೆ ಬರುತ್ತಿದೆಯೇ ನನಗೆ, ಛೆ, ಮೊದಲೆಲ್ಲ ಹೀಗಿರಲಿಲ್ಲ, ತೂತು ಕೊರೆದ ಕಾರ್ಡುಗಳ ಕಟ್ಟನ್ನು ಕೆಳಗಿನ ಕಂಪ್ಯೂಟರ್ ಕೋಣೆಯ ಕಿಟಕಿಯಲ್ಲಿ ಕೊಟ್ಟು ಬಂದರೆ ಉತ್ತರ ಮಾರನೆಯ ದಿನ, ಮಡಿಕೆ ಮಡಿಕೆ ಕಾಗದದಲ್ಲಿ, ಅಷ್ಟರೊಳಗೆ ಉತ್ತರ ಹೀಗೇ ಬರಲಿ ಎಂಬ ಆಸೆ ತಾನಾಗಿಯೇ ತಣ್ಣಗಾಗುತ್ತಿತ್ತು, ಆಮೇಲೆ ಹಸಿರಕ್ಷರದ ಪರದೆ ಬಂತು, ನಾನೊಂದು ಸಾಲು ಹೊಡೆದರೆ ಅದೊಂದು ಸಾಲು, ಒಳ್ಳೇ ಅತ್ತೆ ಸೊಸೆಯ ಹಾಗೆ ಮಾತಿಗೆ ಮಾತು, ಒಂದು ಅಲ್ಪವಿರಾಮ ತಪ್ಪಿದರೆ ಮುಖ ತಿರುಗಿಸಿಬಿಡುತ್ತಿತ್ತು ಮಹಾರಾಯ್ತಿ, ಆಮೇಲೆ ಮೌಸು, ಮೆನು, ಬಣ್ಣದ ಚಿತ್ರ, ಈಗ ಮುಟ್ಟಿದರೆ ಸಾಕು, ಮನಸ್ಸಿಗೆ ಬಂದದ್ದು ಕಣ್ಣೆದುರು, ಬೇಕಾದ ಉತ್ತರ ಬರುವ ತನಕ ಮುಟ್ಟುತ್ತಲೇ ಇರಬಹುದು, ಅದೇ ನನಗೆ ಭಯ.

ಚುಕ್ಕಿಯ ಪಕ್ಕ ಪುಟ್ಟ ಚೌಕ ತೆರೆಯುತ್ತದೆ — ಹೆಂಗಸು, ಐವತ್ತೆರಡು, ಕ್ಯಾನ್ಸರ್, ಹೊಸ ಔಷಧ ಕೊಟ್ಟ ಮೇಲೆ ಲಿವರ್ ಕೆಟ್ಟಿದೆ — ತಂಗಿಯ ವಯಸ್ಸೇ, ತಂಗಿಯ ಕಾಯಿಲೆಯೇ, ಪಕ್ಕದ ಮೇಜಿನ ಸಹೋದ್ಯೋಗಿ ಬಗ್ಗಿ ನೋಡಿ, ತೆಗೆದುಬಿಡಿ ಮೇಡಂ, ಇಷ್ಟು ಜನರಲ್ಲಿ ಒಂದೇ ಒಂದು, ಯಾರು ಕೇಳ್ತಾರೆ, ಅನ್ನುತ್ತಾನೆ, ನಿಜ, ಯಾರೂ ಕೇಳುವುದಿಲ್ಲ, ತೆಗೆದರೆ ಈ ತಿಂಗಳೇ ಔಷಧಕ್ಕೆ ಒಪ್ಪಿಗೆ, ಉಳಿಸಿದರೆ ಇನ್ನೊಂದು ವರ್ಷ ಪರೀಕ್ಷೆ, ಒಂದು ವರ್ಷ ತಂಗಿಯ ಬಳಿ ಎಲ್ಲಿದೆ, ಬೆಳಿಗ್ಗೆ ಉದುರಿದ ಕೂದಲನ್ನು ಬಾಚಣಿಗೆಯಿಂದ ಬಿಡಿಸುತ್ತ, ಅಕ್ಕಾ, ನಿನ್ನ ಕಂಪ್ಯೂಟರ್ ಏನಂತೆ, ನನಗೆ ಯಾವಾಗ ಕೊಡ್ತಾರಂತೆ, ಸ್ವಲ್ಪ ಗದರಿಸಿ ಕೇಳೇ, ಅಂದು ನಕ್ಕಳು, ನಾನೂ ನಕ್ಕೆ — ಒತ್ತಿದೆ, ಚುಕ್ಕಿ ಮಾಯ, ಎಷ್ಟು ಚೆಂದ ಮಲಗಿದೆ ಗೆರೆ, ತಂಗಿ ಗುಣವಾಗಿ ಸೈಕಲ್ ತುಳಿಯುತ್ತ ಆ ಗೆರೆಯುದ್ದಕ್ಕೂ ಹೋಗುತ್ತಿದ್ದಾಳೆ, ಹಿಂದೆ ತಿರುಗಿ ನೋಡುತ್ತಾಳೆ, ಮುಖ ಹಳದಿ, ಕಣ್ಣು ಹಳದಿ, ಅಯ್ಯೋ, ಬೇಡ, ಇದೇ ಔಷಧ ಅವಳ ಬಾಯಿಗೂ ಹೋಗುವುದಲ್ಲವೇ — ಒತ್ತಿದೆ, ಚುಕ್ಕಿ ಬಂತು, ಚುಕ್ಕಿ ಸಮೇತ ವರದಿ ಕಳಿಸಿಯೂ ಬಿಟ್ಟೆ, ಏನು ಮೇಡಂ ನೀವು, ಅಂದ ಅವನು, ಸುಮ್ನಿರಪ್ಪಾ, ಅಂದೆ, ಮೊಬೈಲು ಮೇಜಿನ ಮೇಲೆ ನಡುಗುತ್ತಿದೆ, ತಂಗಿ, ಏನು ಹೇಳಲಿ ಅವಳಿಗೆ, ಇನ್ನೊಂದು ವರ್ಷ ಕಾಯಬೇಕು ಅನ್ನಲೇ, ಯಾವ ಬಾಯಲ್ಲಿ ಅನ್ನಲಿ, ಬೆರಳು ಮೇಲೇಳುತ್ತಿಲ್ಲ, ಕಣ್ಣು ಮುಚ್ಚಿದರೂ ಚುಕ್ಕಿ, ಮೂಲೆಯಲ್ಲಿ ಒಂದೇ ಕೂತು, ಚುಕ್ಕಿ, ಕಾಯುತ್ತಿದೆ, ಚುಕ್ಕಿ